ಕ್ರಯೋಲೈಟ್: ಕರಗದ್ದನ್ನು ಕರಗಿಸಿದ ಹಿಮಗಲ್ಲು

ಕಳೆದ ಸೆಮಿಸ್ಟರ್‌ನ ಕೆಮಿಸ್ಟ್ರಿ ವೈವಾದಲ್ಲಿ ನಮ್ಮ ಗುಂಪಿನ ಭದ್ರಾವತಿ ಹುಡುಗನಿಗೆ ಒಂದು ಸುಲಭದ ಪ್ರಶ್ನೆ ಬಿತ್ತು. "ಅಲ್ಯೂಮಿನಿಯಂ ತೆಗೆಯುವಾಗ ಕ್ರಯೋಲೈಟ್ ಯಾಕೆ ಹಾಕ್ತಾರೆ?" ಹೈಸ್ಕೂಲಿನಿಂದ ಬಾಯಿಪಾಠ ಆಗಿರೋ ಉತ್ತರ ನಮ್ಮೆಲ್ಲರ ಹತ್ರಾನೂ ಇದೆ. ಅವನೂ ಅದನ್ನೇ ಒಪ್ಪಿಸಿದ: "ಅಲ್ಯೂಮಿನಾದ ಕರಗುವ ಬಿಂದು ಕಡಿಮೆ ಮಾಡೋಕೆ ಸರ್."

"ಯಾವೂರಪ್ಪ ನಿಂದು?"

"ಭದ್ರಾವತಿ ಸರ್."

"ನಿಮ್ಮೂರಲ್ಲಿ ಇದ್ದಿಲು ಹಾಕಿ ಕಬ್ಬಿಣ ತೆಗೆದ್ರು. ಹಂಗೇ ಇದ್ದಿಲು ಹಾಕಿ ಅಲ್ಯೂಮಿನಿಯಂ ಯಾಕೆ ತೆಗೆಯೋಕಾಗಲ್ಲ? ಕರಗಿಸೋದೊಂದೇ ಕಷ್ಟ ಆಗಿದ್ರೆ ಇನ್ನೂ ದೊಡ್ಡ ಬೆಂಕಿ ಹಾಕಬಹುದಿತ್ತಲ್ಲ?"

ಹುಡುಗ ಸುಮ್ಮನೆ ನಿಂತ. ಹೊರಗೆ ಬಂದು ನಮ್ಮನ್ನು ಕೇಳಿದ, ನಾವೂ ಸುಮ್ಮನೆ ನಿಂತೆವು. ಎರಡು ಅಂಕದ ಉತ್ತರ ಬರೆದು ಬರೆದು ಅದರ ಹಿಂದೆ ಏನಿದೆ ಅಂತ ನಾವ್ಯಾರೂ ಒಂದು ದಿನವೂ ಯೋಚಿಸಿರಲಿಲ್ಲ. ಈ ಲೇಖನ ಆ ವೈವಾದ ಬಾಕಿ ಉತ್ತರ. ಸ್ವಲ್ಪ ಉದ್ದ ಆಗಿದೆ, ಕಾಫಿ ತಗೊಂಡು ಕೂತ್ಕೊಳ್ಳಿ.

ಮೊದಲು ಭದ್ರಾವತಿ

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಲ್ಲಿ ಅರ್ಧ ಗಂಟೆಯ ದಾರಿ. ಒಂದು ಭಾನುವಾರ ಗೆಳೆಯನ ಮನೆಗೆ ಹೋಗಿ ಅವನ ಅಜ್ಜನ ಮುಂದೆ ಕೂತೆವು. ಅಜ್ಜ 'ಫ್ಯಾಕ್ಟ್ರಿ'ಯಿಂದ ನಿವೃತ್ತರಾದವರು. ಭದ್ರಾವತಿಯಲ್ಲಿ ಫ್ಯಾಕ್ಟ್ರಿ ಅಂದ್ರೆ ಯಾವುದು ಅಂತ ಕೇಳುವ ಹಾಗಿಲ್ಲ. ವೈವಾ ಕಥೆ ಕೇಳಿ ಅಜ್ಜ ನಕ್ಕರು. "ಮಗಾ, ಅದಿರಿಗೆ ಬರೀ ಬೆಂಕಿ ಹಾಕಿದ್ರೆ ಅದಿರು ಕಾಯುತ್ತೆ ಅಷ್ಟೇ. ಒಳಗಿರೋ ಗಾಳೀನ ಬಿಡಿಸ್ಕೊಂಡು ಹೋಗೋಕೆ ಒಬ್ಬ ಬೇಕು. ಅದಕ್ಕೇ ಇದ್ದಿಲು."

ಗಾಳಿ ಅಂದ್ರೆ ಆಕ್ಸಿಜನ್. ಒಂದು ಇಡೀ ಅಧ್ಯಾಯವನ್ನು ಅಜ್ಜ ಮೂರು ವಾಕ್ಯದಲ್ಲಿ ಮುಗಿಸಿಬಿಟ್ಟರು.

ಮೈಸೂರು ಸಂಸ್ಥಾನದ ಕಾಲದಲ್ಲಿ, 1918ರಲ್ಲಿ ನಿರ್ಧಾರವಾಗಿ 1923ರಲ್ಲಿ ಉತ್ಪಾದನೆ ಶುರುಮಾಡಿದ ಮೈಸೂರು ಕಬ್ಬಿಣ ಕಾರ್ಖಾನೆ ಇದ್ದಿಲಿನ ಊದುಕುಲುಮೆಯ ಮೇಲೆ ನಿಂತಿತ್ತು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ, ಇದ್ದಿಲು ಮಲೆನಾಡಿನ ಕಾಡಿನ ಸೌದೆಯಿಂದ. ಆ ಸೌದೆಯನ್ನು ಸುಮ್ಮನೆ ಸುಡದೆ ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ, ಇದ್ದಿಲಿನ ಜೊತೆಗೆ ಮೆಥನಾಲ್‌ನಂಥ ಉಪ ಉತ್ಪನ್ನಗಳನ್ನೂ ತೆಗೆಯುತ್ತಿದ್ದರು. ಇಲ್ಲಿ ಇದ್ದಿಲಿಗೆ ಎರಡು ಕೆಲಸ. ಉರಿದು ಶಾಖ ಕೊಡುವುದು ಒಂದು, ಕಬ್ಬಿಣಕ್ಕೆ ಅಂಟಿಕೊಂಡ ಆಕ್ಸಿಜನ್‌ ಅನ್ನು ಕಿತ್ತುಕೊಳ್ಳುವುದು ಇನ್ನೊಂದು. 1952ರಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದಾಗ ಮೊದಲ ಕೆಲಸವನ್ನು ಜೋಗದ ಕರೆಂಟು ವಹಿಸಿಕೊಂಡಿತು. ಎರಡನೆಯದಕ್ಕೆ ಮಾತ್ರ ಆಗಲೂ ಇಂಗಾಲವೇ ಬೇಕಾಯಿತು. ಈ ವ್ಯತ್ಯಾಸ ನೆನಪಿಡಿ, ಮುಂದೆ ಬೇಕು.

ಕಬ್ಬಿಣಕ್ಕೂ ಆಕ್ಸಿಜನ್‌ಗೂ ಇರುವ ನಂಟು ಅಷ್ಟೇನೂ ಗಟ್ಟಿಯಲ್ಲ. ಸಾವಿರ ಡಿಗ್ರಿ ಆಸುಪಾಸಿನಲ್ಲೇ ಇಂಗಾಲ ಅದನ್ನು ಸುಲಭವಾಗಿ ಬಿಡಿಸುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಎಲಿಂಗ್‌ಹ್ಯಾಮ್ ಚಿತ್ರ ನೆನಪಿದೆಯಾ? ಮೆಟಲರ್ಜಿ ಪಾಠದಲ್ಲಿ ಅಡ್ಡಾದಿಡ್ಡಿ ಗೆರೆಗಳಿರುವ ಆ ಚಾರ್ಟು. ಅದರಲ್ಲಿ ಅಲ್ಯೂಮಿನಿಯಂನ ಗೆರೆ ಎಷ್ಟು ಕೆಳಗಿದೆ ಅಂದ್ರೆ, ಇಂಗಾಲದ ಗೆರೆ ಅದನ್ನು ಹಾದುಹೋಗುವ ಹೊತ್ತಿಗೆ 2,000 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಅಲ್ಲಿಯವರೆಗೆ ಕಾಯಿಸಿದರೂ ಬಿಡುಗಡೆಯಾದ ಅಲ್ಯೂಮಿನಿಯಂ ಇಂಗಾಲವನ್ನೇ ಹಿಡಿದುಕೊಂಡು ಕಾರ್ಬೈಡ್ ಆಗುತ್ತದೆ. ಒಂದಿಷ್ಟು ಆವಿಯಾಗಿ ಮೇಲೆ ಹೋಗಿ, ತಣ್ಣಗಾಗುವಾಗ ಮತ್ತೆ ಆಕ್ಸೈಡ್ ಆಗುತ್ತದೆ. ಅಲ್ಲಿಗೆ ದೊಡ್ಡ ಬೆಂಕಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಅಲ್ಯೂಮಿನಿಯಂನ ಕಷ್ಟ ಶಾಖದ್ದಲ್ಲ, ಬಿಡಿಸುವವನದ್ದು.

ಬಿಡಿಸೋಕೆ ಇಂಗಾಲಕ್ಕಿಂತ ಬಲವಾದವನು ಬೇಕು. 1850ರ ದಶಕದಲ್ಲಿ ಫ್ರಾನ್ಸಿನ ಸೇಂಟ್ ಕ್ಲೇರ್ ಡೆವಿಲ್ ಸೋಡಿಯಂ ಲೋಹ ಬಳಸಿ ಅಲ್ಯೂಮಿನಿಯಂ ತೆಗೆದ. ಸೋಡಿಯಂ ತಯಾರಿಸುವುದೇ ದುಬಾರಿ, ಹಾಗಾಗಿ ಅಲ್ಯೂಮಿನಿಯಂ ಆಭರಣದ ಲೋಹವಾಗಿ ಉಳಿಯಿತು. 1884ರಲ್ಲಿ ಅಮೆರಿಕದವರು ವಾಷಿಂಗ್ಟನ್ ಸ್ಮಾರಕದ ತುದಿಗೆ ಕೂರಿಸಿದ್ದು ಸುಮಾರು 2.8 ಕೆಜಿಯ ಅಲ್ಯೂಮಿನಿಯಂ ಶಿಖರ. ಇವತ್ತು ನಮ್ಮ ಗಾಂಧಿ ಬಜಾರಿನ ಪಾತ್ರೆ ಅಂಗಡಿಯಲ್ಲಿ ಅಷ್ಟೇ ತೂಕದ ಡಬರಿಯನ್ನು ತಕ್ಕಡಿಗೆ ಹಾಕಿ ಕೊಡುತ್ತಾರೆ. ಚೌಕಾಸಿ ಬೇರೆ ಮಾಡ್ತೀವಿ.

ಇನ್ನೊಂದು ದಾರಿ ಕರೆಂಟು. ಶಾಖ ಕೊಡುವ ಕರೆಂಟಲ್ಲ, ಬಿಡಿಸುವ ಕರೆಂಟು. ಅಲ್ಯೂಮಿನಿಯಂ ಅಯಾನಿಗೆ ಬೇಕಾದ ಮೂರು ಎಲೆಕ್ಟ್ರಾನುಗಳನ್ನು ನೇರವಾಗಿ ನಾವೇ ತಳ್ಳಿಬಿಟ್ಟರಾಯಿತು. ಇದಕ್ಕೆ ಅದಿರು ದ್ರವರೂಪದಲ್ಲಿರಬೇಕು, ಅಯಾನುಗಳು ಓಡಾಡಬೇಕು. ನೀರಿನಲ್ಲಿ ಮಾಡೋಣ ಅಂದ್ರೆ ಅಲ್ಯೂಮಿನಿಯಂಗಿಂತ ಮುಂಚೆ ನೀರಿನ ಹೈಡ್ರೋಜನ್ನೇ ಹೊರಗೆ ಬರುತ್ತದೆ. ಅಲ್ಯೂಮಿನಾವನ್ನೇ ಕಾಯಿಸಿ ದ್ರವ ಮಾಡೋಣ ಅಂದ್ರೆ ಅದು ಕರಗುವುದು ಸುಮಾರು 2,050 ಡಿಗ್ರಿಯಲ್ಲಿ. ಆ ಶಾಖದಲ್ಲಿ ಅದನ್ನು ಹಿಡಿದಿಡುವ ಪಾತ್ರೆ ಎಲ್ಲಿಂದ ತರೋಣ? ಉಕ್ಕಿನ ಕುಲುಮೆಗಳ ಒಳಗೋಡೆಗೆ ಹಾಕುವ ಬೆಂಕಿ ಇಟ್ಟಿಗೆಯಲ್ಲೇ ಅಲ್ಯೂಮಿನಾ ಇರುತ್ತದೆ. ಕುಲುಮೆಯ ಗೋಡೆಯನ್ನೇ ಕರಗಿಸಲು ಹೊರಟ ಹಾಗಾಯಿತು.

ಕರಗುವುದು ಮತ್ತು ಕರಗುವುದು

ಇಲ್ಲಿ ನಮ್ಮ ಕನ್ನಡ ನಮಗೆ ಒಂದು ಸಣ್ಣ ತಮಾಷೆ ಮಾಡುತ್ತದೆ. ಬಿಸಿಲಿಗೆ ಐಸ್ ಕರಗುತ್ತದೆ, ಕಾಫಿಯಲ್ಲಿ ಸಕ್ಕರೆಯೂ ಕರಗುತ್ತದೆ. ಎರಡಕ್ಕೂ ಒಂದೇ ಮಾತು. ಆದರೆ ಕಾಫಿಗೆ ಹಾಕಿದ ಸಕ್ಕರೆ ತನ್ನ ಕರಗುವ ಬಿಂದು ಮುಟ್ಟಿರುವುದಿಲ್ಲ. ಒಗ್ಗರಣೆ ಬಾಣಲೆಯಲ್ಲಿ ಸಕ್ಕರೆ ಕರಗಿಸಿ ನೋಡಿ, ಕಾಫಿಯ ಬಿಸಿ ಎಲ್ಲಿಗೂ ಸಾಲದು ಅಂತ ಗೊತ್ತಾಗುತ್ತದೆ. ಒಂದು ಕಡೆ ಶಾಖ ಕರಗಿಸಿತು, ಇನ್ನೊಂದು ಕಡೆ ನೀರು ಕರಗಿಸಿತು.

ಕ್ರಯೋಲೈಟ್ ಅಲ್ಯೂಮಿನಾದ ಪಾಲಿನ ಕಾಫಿ. ಇಷ್ಟೇ ವಿಷಯ. 'ಕರಗುವ ಬಿಂದು ಕಡಿಮೆ ಮಾಡುತ್ತದೆ' ಅನ್ನುವ ನಮ್ಮ ಎರಡು ಅಂಕದ ಉತ್ತರ ಪೂರ್ತಿ ತಪ್ಪಲ್ಲ, ಅಲ್ಯೂಮಿನಾ ಬೆರೆತ ಕ್ರಯೋಲೈಟ್ ಬರೀ ಕ್ರಯೋಲೈಟಿಗಿಂತ ಕಡಿಮೆ ಶಾಖದಲ್ಲಿ ದ್ರವವಾಗುತ್ತದೆ ನಿಜ. ಆದರೆ ಆ ಕೊಪ್ಪರಿಗೆಯಲ್ಲಿ ಅಲ್ಯೂಮಿನಾ ಎಷ್ಟಿರುತ್ತದೆ ಗೊತ್ತಾ? ನೂರಕ್ಕೆ ಎರಡರಿಂದ ಐದು ಪಾಲು. ಉಳಿದಿದ್ದೆಲ್ಲ ಕ್ರಯೋಲೈಟ್ ಮತ್ತು ಅದರ ಜೊತೆಗಾರ ಫ್ಲೋರೈಡುಗಳು. ಶುದ್ಧ ಕ್ರಯೋಲೈಟ್ ಸುಮಾರು 1,010 ಡಿಗ್ರಿಯಲ್ಲಿ ನೀರಾಗುತ್ತದೆ. ಅಲ್ಯೂಮಿನಾ ಮತ್ತು ಸ್ವಲ್ಪ ಹೆಚ್ಚುವರಿ ಅಲ್ಯೂಮಿನಿಯಂ ಫ್ಲೋರೈಡ್ ಸೇರಿದ ಮೇಲೆ 960 ಡಿಗ್ರಿ ಆಸುಪಾಸಿನಲ್ಲಿ ಕೆಲಸ ನಡೆಯುತ್ತದೆ. 2,050 ಎಲ್ಲಿ, 960 ಎಲ್ಲಿ!

ರಾಸಾಯನಿಕವಾಗಿ ಕ್ರಯೋಲೈಟ್ ಅಂದರೆ ಸೋಡಿಯಂ ಅಲ್ಯೂಮಿನಿಯಂ ಫ್ಲೋರೈಡ್. ಮೂರು ಸೋಡಿಯಂ, ಒಂದು ಅಲ್ಯೂಮಿನಿಯಂ, ಆರು ಫ್ಲೋರಿನ್. ಆಕ್ಸೈಡುಗಳನ್ನು ಚೆನ್ನಾಗಿ ಕರಗಿಸಿಕೊಳ್ಳುವ ಲವಣಗಳೇ ಅಪರೂಪ. ಇದು ಅಲ್ಯೂಮಿನಾದ ಆಕ್ಸಿಜನ್‌ ಅನ್ನು ತನ್ನ ಫ್ಲೋರಿನ್ ಗುಂಪಿನೊಳಗೆ ಸೇರಿಸಿಕೊಂಡು ಆಕ್ಸಿ-ಫ್ಲೋರೈಡ್ ಅಯಾನುಗಳನ್ನು ಮಾಡಿಬಿಡುತ್ತದೆ. ಸೋಡಿಯಂ ಅಯಾನುಗಳು ಓಡಾಡಿ ಕರೆಂಟನ್ನು ಹೊರುತ್ತವೆ. ಆದರೂ ಕ್ಯಾಥೋಡಿನಲ್ಲಿ ಇಳಿಯುವುದು ಸೋಡಿಯಂ ಅಲ್ಲ, ಅಲ್ಯೂಮಿನಿಯಂ, ಯಾಕಂದ್ರೆ ಅದಕ್ಕೆ ಕಡಿಮೆ ವೋಲ್ಟೇಜ್ ಸಾಕು. ಆನೋಡಿನಲ್ಲೂ ಫ್ಲೋರಿನ್‌ಗಿಂತ ಮೊದಲು ಆಕ್ಸಿಜನ್‌ನ ಸರದಿ. ಅಂದರೆ ದ್ರಾವಕ ತಾನು ಒಡೆಯದೆ ಒಳಗಿರುವ ಅಲ್ಯೂಮಿನಾವನ್ನು ಮಾತ್ರ ಒಡೆಯಲು ಬಿಡುತ್ತದೆ.

ನಮಗೆ ತುಂಬಾ ಇಷ್ಟವಾದದ್ದು ಸಾಂದ್ರತೆಯ ವಿಚಾರ. ಆ ಶಾಖದಲ್ಲಿ ದ್ರವ ಅಲ್ಯೂಮಿನಿಯಂ ಒಂದು ಸಿಸಿಗೆ ಸುಮಾರು 2.3 ಗ್ರಾಂ, ಕ್ರಯೋಲೈಟ್ ದ್ರವ ಸುಮಾರು 2.1. ವ್ಯತ್ಯಾಸ ಇಷ್ಟೇ ಇಷ್ಟು. ಆದರೆ ಅದರಿಂದಾಗಿ ಲೋಹ ತಳಕ್ಕೆ ಇಳಿಯುತ್ತದೆ, ಮೇಲಿನ ದ್ರವ ಅದಕ್ಕೆ ಕಂಬಳಿ ಹೊದಿಸಿ ಗಾಳಿಯಿಂದ ಕಾಪಾಡುತ್ತದೆ. ಲೆಕ್ಕ ಉಲ್ಟಾ ಆಗಿದ್ದರೆ ಲೋಹ ತೇಲಿ ಮೇಲೆ ಬಂದು ಆನೋಡಿಗೆ ತಗುಲಿ ಶಾರ್ಟ್ ಆಗುತ್ತಿತ್ತು, ಗಾಳಿಗೆ ಸಿಕ್ಕಿ ಉರಿಯುತ್ತಿತ್ತು. 0.2 ಗ್ರಾಂ ಮೇಲೆ ಒಂದು ಇಡೀ ಉದ್ಯಮ ಕೂತಿದೆ.

ಇಷ್ಟೆಲ್ಲ ಒಳ್ಳೆಯ ಗುಣ ಇರುವವನಿಗೆ ಒಂದು ಕೆಟ್ಟ ಗುಣವೂ ಉಂಟು. ಕಾದ ಕ್ರಯೋಲೈಟ್ ಹೆಚ್ಚು ಕಡಿಮೆ ಎಲ್ಲವನ್ನೂ ತಿನ್ನುತ್ತದೆ. ಆಕ್ಸೈಡ್ ಕರಗಿಸುವವನಿಗೆ ಬೆಂಕಿ ಇಟ್ಟಿಗೆ ಯಾವ ಲೆಕ್ಕ? ಇದಕ್ಕೆ ಹುಡುಕಿದ ಉಪಾಯ ನೋಡಿ. ಪಾಟ್ ಅಂತ ಕರೆಯುವ ಆ ಉಕ್ಕಿನ ತೊಟ್ಟಿಯ ತಳಕ್ಕೆ ಇಂಗಾಲದ ಹಾಸು. ಪಕ್ಕದ ಗೋಡೆಯನ್ನು ಮಾತ್ರ ಬೇಕೆಂದೇ ಸ್ವಲ್ಪ ತಣ್ಣಗೆ ಇಡುತ್ತಾರೆ. ಆಗ ಗೋಡೆಗೆ ತಾಗಿದ ಕ್ರಯೋಲೈಟ್ ಹೆಪ್ಪುಗಟ್ಟಿ ಒಂದು ಪದರ ಕಟ್ಟುತ್ತದೆ. ನಮ್ಮ ಭದ್ರಾವತಿ ಕಡೆ ಆಲೆಮನೆ ನೋಡಿದವರಿಗೆ ಗೊತ್ತು, ಕೊಪ್ಪರಿಗೆಯ ನಡುವೆ ಪಾಕ ಕೊತಕೊತ ಅನ್ನುವಾಗಲೂ ಅಂಚಿನಲ್ಲಿ ಬೆಲ್ಲ ಗಟ್ಟಿಯಾಗಿ ಕೂತಿರುತ್ತದೆ. ಹಾಗೇ ಇದು. ದ್ರವ ಕ್ರಯೋಲೈಟನ್ನು ಹಿಡಿದಿಟ್ಟುಕೊಳ್ಳುವ ಪಾತ್ರೆ ಗಟ್ಟಿ ಕ್ರಯೋಲೈಟ್! ಇಂಥ ಡಿಸೈನ್ ಮಾಡಿದವನಿಗೆ ಒಂದು ಸಲಾಂ ಹೊಡೀಬೇಕು ಅನಿಸಿತು.

ಇಬ್ಬರು ಇಪ್ಪತ್ತೆರಡರ ಹುಡುಗರು

1886ರಲ್ಲಿ ಈ ದಾರಿಯನ್ನು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇಬ್ಬರು ಕಂಡುಹಿಡಿದರು. ಅಮೆರಿಕದ ಓಹಾಯೋದಲ್ಲಿ ಚಾರ್ಲ್ಸ್ ಮಾರ್ಟಿನ್ ಹಾಲ್, ಫ್ರಾನ್ಸಿನಲ್ಲಿ ಪಾಲ್ ಹೆರೂ. ಇಬ್ಬರೂ ಹುಟ್ಟಿದ್ದು 1863ರಲ್ಲಿ, ತೀರಿಕೊಂಡದ್ದು 1914ರಲ್ಲಿ. ಕಂಡುಹಿಡಿದಾಗ ವಯಸ್ಸು ಇಪ್ಪತ್ತೆರಡು, ಅಂದರೆ ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು. (ಅವರಿಗೆ ಪ್ಲೇಸ್‌ಮೆಂಟ್ ಟೆನ್ಷನ್ ಇರಲಿಲ್ಲ ಅಂತ ನಮ್ಮ ಸೀನಿಯರ್ ಒಬ್ಬರ ಸಮಜಾಯಿಷಿ.) ಹಾಲ್ ಓಬರ್ಲಿನ್ ಕಾಲೇಜಿನಲ್ಲಿ ಓದಿದವನು. ಪ್ರೊಫೆಸರ್ ಫ್ರಾಂಕ್ ಜುವೆಟ್ ಅವನಿಗೆ ಅಲ್ಯೂಮಿನಿಯಂ ಹುಚ್ಚು ಹಿಡಿಸಿದವರು. ಮನೆಯ ಸೌದೆ ಕೊಟ್ಟಿಗೆಯಲ್ಲಿ, ತಾನೇ ಕಟ್ಟಿದ ಬ್ಯಾಟರಿಗಳಿಂದ ಪ್ರಯೋಗ. ಕೆಮಿಸ್ಟ್ರಿ ಓದಿದ್ದ ಅಕ್ಕ ಜೂಲಿಯಾ ಜೊತೆಗಿದ್ದಳು. ಮೊದಮೊದಲು ಅವನು ಬಳಸಿದ್ದು ಮಣ್ಣಿನ ಮೂಸೆ. ಲೋಹ ಬರಲಿಲ್ಲ, ಮೂಸೆಯ ಮರಳಿನಂಶವೇ ಕರಗಿ ಬಂತು. ಕ್ರಯೋಲೈಟಿನ ತಿನ್ನುವ ಗುಣ ಅವನಿಗೆ ಅರಿವಾದದ್ದು ಆಗ. ಮೂಸೆಯ ಒಳಗೆ ಇಂಗಾಲದ ಹಾಸು ಹಾಕಿದ. 1886ರ ಫೆಬ್ರವರಿ 23ರಂದು ತಳದಲ್ಲಿ ಬೆಳ್ಳಿ ಬಣ್ಣದ ಸಣ್ಣ ಗುಂಡುಗಳು ಸಿಕ್ಕವು.

ಹೆರೂ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಅವನು ಅಲ್ಲಿಗೇ ನಿಲ್ಲದೆ 1900ರ ಸುಮಾರಿಗೆ ಉಕ್ಕು ಕರಗಿಸುವ ಎಲೆಕ್ಟ್ರಿಕ್ ಆರ್ಕ್ ಫರ್ನೇಸನ್ನೂ ರೂಪಿಸಿದ. ಮುಂದೆ ಭದ್ರಾವತಿಯ ಅಲಾಯ್ ಸ್ಟೀಲಿಗೂ ಆ ವಂಶದ ಕುಲುಮೆಗಳೇ ಬಂದವು. ಅಜ್ಜನಿಗೆ ಆರ್ಕ್ ಫರ್ನೇಸ್ ಗೊತ್ತಿತ್ತು, ಹೆರೂ ಹೆಸರು ಗೊತ್ತಿರಲಿಲ್ಲ. ನಮಗೆ ಹೆಸರು ಗೊತ್ತಿತ್ತು, ಫರ್ನೇಸ್ ನೋಡಿರಲಿಲ್ಲ. ಲೆಕ್ಕ ಸಮ.

ಅದಿರು ವಿಷಯ ಬೇಗ ಮುಗಿಸುತ್ತೇವೆ. ಬಾಕ್ಸೈಟನ್ನು ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿ, ಕಬ್ಬಿಣದಂಶವನ್ನು ಕೆಂಪು ಕೆಸರಾಗಿ ಬೇರ್ಪಡಿಸಿ ಬಿಳಿ ಅಲ್ಯೂಮಿನಾ ಪುಡಿ ತೆಗೆಯುವ ವಿಧಾನವನ್ನು ಕಾರ್ಲ್ ಬೇಯರ್ ಕಂಡುಹಿಡಿದದ್ದು ಸುಮಾರು ಅದೇ ಸಮಯದಲ್ಲಿ, 1888ರ ಹೊತ್ತಿಗೆ. ಎರಡೂ ಸೇರಿದ ಮೇಲೆ ಅಲ್ಯೂಮಿನಿಯಂ ಆಭರಣದಂಗಡಿಯಿಂದ ಪಾತ್ರೆ ಅಂಗಡಿಗೆ ಇಳಿಯಿತು.

ಒಂದೇ ಒಂದು ಗಣಿ

ಈ ಕಲ್ಲು ಎಲ್ಲಿ ಸಿಗುತ್ತಿತ್ತು? ಕೊಲರಾಡೋ, ರಷ್ಯಾದ ಇಲ್ಮೆನ್ ಬೆಟ್ಟಗಳಂಥ ಕೆಲವು ಕಡೆ ಚೂರುಪಾರು ಇದೆ. ಆದರೆ ದೊಡ್ಡ ಪ್ರಮಾಣದಲ್ಲಿ ಅಗೆದು ಜಗತ್ತಿಗೆ ಕಳಿಸುವಷ್ಟು ಇದ್ದದ್ದು ಒಂದೇ ಜಾಗದಲ್ಲಿ: ಗ್ರೀನ್‌ಲ್ಯಾಂಡಿನ ನೈಋತ್ಯ ಕರಾವಳಿಯ ಇವಿಟ್ಟೂಟ್. ಗ್ರೀಕಿನಲ್ಲಿ 'ಕ್ರಯೋಸ್' ಅಂದರೆ ಹಿಮ, 'ಲಿಥೋಸ್' ಅಂದರೆ ಕಲ್ಲು. ನೋಡೋಕೆ ಮಂಜುಗಡ್ಡೆಯ ಹಾಗೆ. ಇದರ ಪುಡಿಯನ್ನು ನೀರಿಗೆ ಹಾಕಿದರೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಕರಗಿದ್ದಲ್ಲ ಮತ್ತೆ! ಇದರ ವಕ್ರೀಭವನ ಸೂಚ್ಯಂಕ 1.34, ನೀರಿನದ್ದು 1.33. ಬೆಳಕಿಗೆ ಎರಡರ ನಡುವೆ ಭೇದವೇ ಕಾಣುವುದಿಲ್ಲ.

ಗಣಿ ಶುರುವಾದದ್ದು 1850ರ ದಶಕದಲ್ಲಿ, ಅಲ್ಯೂಮಿನಿಯಂಗಾಗಿ ಅಲ್ಲ, ಸೋಡಾ ತಯಾರಿಸಲು. ಹಾಲ್ ಮತ್ತು ಹೆರೂ ಬಂದ ಮೇಲೆ ಅದರ ಬೆಲೆಯೇ ಬೇರೆಯಾಯಿತು. 1940ರ ಏಪ್ರಿಲ್‌ನಲ್ಲಿ ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿಕೊಂಡಾಗ, ಡೆನ್ಮಾರ್ಕಿನ ಕೈಯಲ್ಲಿದ್ದ ಈ ಗಣಿಯ ಬಗ್ಗೆ ಅಮೆರಿಕ, ಕೆನಡಾ ಎರಡಕ್ಕೂ ದಿಗಿಲು ಹುಟ್ಟಿತು. ವಿಮಾನಕ್ಕೆ ಅಲ್ಯೂಮಿನಿಯಂ ಬೇಕು, ಅಲ್ಯೂಮಿನಿಯಂಗೆ ಈ ಕಲ್ಲು ಬೇಕು. ಅಮೆರಿಕ ಗಣಿಗೆ ಕಾವಲು ಹಾಕಿತು.

ಕೊನೆಗೆ ಗಣಿ ಖಾಲಿಯಾಗಿ 1987ರಲ್ಲಿ ಮುಚ್ಚಿತು. ಊರೂ ಖಾಲಿಯಾಯಿತು. ಸಮುದ್ರದ ಪಕ್ಕದಲ್ಲೇ ನೀರು ತುಂಬಿದ ದೊಡ್ಡ ಗುಂಡಿ ಈಗಲೂ ಇದೆ. ಅಲ್ಯೂಮಿನಿಯಂ ನಿಂತಿತಾ? ಇಲ್ಲ. ಅಷ್ಟರೊಳಗೆ ಫ್ಲೋರ್‌ಸ್ಪಾರ್ ಖನಿಜದಿಂದ, ಫಾಸ್ಫೇಟ್ ಗೊಬ್ಬರ ಕಾರ್ಖಾನೆಗಳಲ್ಲಿ ಸಿಗುವ ಫ್ಲೋರಿನ್ ಅಂಶದಿಂದ ಕೃತಕ ಕ್ರಯೋಲೈಟ್ ಮಾಡುವುದನ್ನು ಕಲಿತಾಗಿತ್ತು. ಇನ್ನೂ ಮಜಾ ಏನೆಂದರೆ, ಇವತ್ತಿನ ಪಾಟ್‌ಗಳು ತಮ್ಮ ಕ್ರಯೋಲೈಟನ್ನು ತಾವೇ ಮಾಡಿಕೊಳ್ಳುತ್ತವೆ. ಬೇಯರ್ ವಿಧಾನದ ಅಲ್ಯೂಮಿನಾದಲ್ಲಿ ಸ್ವಲ್ಪ ಸೋಡಾ ಉಳಿದಿರುತ್ತದೆ. ಪಾಟ್‌ಗೆ ಹಾಕುವ ಅಲ್ಯೂಮಿನಿಯಂ ಫ್ಲೋರೈಡ್ ಜೊತೆ ಅದು ಸೇರಿದರೆ ಹುಟ್ಟುವುದು ಕ್ರಯೋಲೈಟೇ. ಅಲ್ಯೂಮಿನಾ ಖರ್ಚಾಗುತ್ತದೆ, ಇಂಗಾಲದ ಆನೋಡ್ ಸವೆಯುತ್ತದೆ, ಕ್ರಯೋಲೈಟ್ ಮಾತ್ರ ಹೆಚ್ಚೂಕಡಿಮೆ ಹಾಗೇ ಉಳಿಯುತ್ತದೆ. ಹಾಗಂತ ವೈವಾದಲ್ಲಿ 'ಕ್ಯಾಟಲಿಸ್ಟ್' ಅನ್ನಬೇಡಿ. ಅದು ದ್ರಾವಕ.

ಹಾಗಾದರೆ ಬೆಲೆ ಯಾರು ಕೊಡೋದು?

ಕರೆಂಟು. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ, ಎಲ್ಲ ಬ್ರಾಂಚಿನವರೂ ಮಾಡಬಹುದು. ಒಂದು ಕೆಜಿ ಅಲ್ಯೂಮಿನಿಯಂ ಅಂದರೆ ಸುಮಾರು 37 ಮೋಲ್. ಒಂದೊಂದು ಪರಮಾಣುವಿಗೆ ಮೂರು ಎಲೆಕ್ಟ್ರಾನ್, ಒಟ್ಟು 111 ಮೋಲ್. ಫ್ಯಾರಡೆಯ 96,485ರಿಂದ ಗುಣಿಸಿ, 3,600ರಿಂದ ಭಾಗಿಸಿ: ಸುಮಾರು 2,980 ಆಂಪಿಯರ್-ಅವರ್. ಒಂದು ಪಾಟ್‌ನ ವೋಲ್ಟೇಜ್ 4.2 ಅಂದುಕೊಂಡರೆ 12.5 ಯೂನಿಟ್. ಕರೆಂಟಿನ ಒಂದಿಷ್ಟು ಪಾಲು ವ್ಯರ್ಥವಾಗುತ್ತದೆ, ಎಸಿಯನ್ನು ಡಿಸಿ ಮಾಡುವಾಗ ಇನ್ನಷ್ಟು ಹೋಗುತ್ತದೆ. ಒಟ್ಟು 14–15 ಯೂನಿಟ್. ನಿಮ್ಮ ಹಾಸ್ಟೆಲ್ ರೂಮಿನ 75 ವ್ಯಾಟಿನ ಫ್ಯಾನು ಹಗಲೂ ರಾತ್ರಿ ಎಂಟು ದಿನ ತಿರುಗಿದಷ್ಟು, ಒಂದು ಕೆಜಿಯ ಪಾತ್ರೆಗೆ.

ಇನ್ನು ಕಾರ್ಖಾನೆಯ ಲೆಕ್ಕ. ವರ್ಷಕ್ಕೆ 70 ಸಾವಿರ ಟನ್ನಿನ ಒಂದು ಸ್ಮೆಲ್ಟರ್ ಇದೆ ಅಂದುಕೊಳ್ಳಿ. ಕೆಜಿಗೆ 15 ಯೂನಿಟ್‌ನಂತೆ ವರ್ಷದ 8,760 ಗಂಟೆಗೆ ಹಂಚಿದರೆ ಬರುವುದು 120 ಮೆಗಾವ್ಯಾಟ್, ಒಂದು ನಿಮಿಷವೂ ಬಿಡದೆ. 1948ರಲ್ಲಿ ಶುರುವಾದ ಜೋಗದ ಮಹಾತ್ಮಾ ಗಾಂಧಿ ಜಲವಿದ್ಯುತ್ ಕೇಂದ್ರ ವಿಸ್ತರಣೆಯಾದ ಮೇಲೆ ಅದರ ಸಾಮರ್ಥ್ಯ ಎಷ್ಟಿತ್ತು ಗೊತ್ತಾ? 120 ಮೆಗಾವ್ಯಾಟ್. ಲೆಕ್ಕ ಮಾಡಿ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ತಂಡದ ಹುಡುಗಿಯೊಬ್ಬಳ ಮನೆಯವರು ಲಿಂಗನಮಕ್ಕಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಶಿವಮೊಗ್ಗದ ಕಡೆ ಬಂದವರು. ಶರಾವತಿಯ ಒಂದು ಯೂನಿಟ್ ಕರೆಂಟಿಗೆ ಏನು ಬೆಲೆ ಅಂತ ಅವಳಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಕಬ್ಬಿಣದ ಕಾರ್ಖಾನೆ ಅದಿರು, ಕಾಡು, ನದಿ ನೋಡಿ ಜಾಗ ಹುಡುಕಿಕೊಂಡಿತು. ಅಲ್ಯೂಮಿನಿಯಂ ಅಣೆಕಟ್ಟು ಹುಡುಕಿಕೊಂಡು ಹೋಯಿತು. ಇಂಡಿಯನ್ ಅಲ್ಯೂಮಿನಿಯಂ ಕಂಪನಿ, ಅಂದರೆ ಇಂಡಾಲ್, 1943ರಲ್ಲಿ ಕೇರಳದ ಆಲುವಾ ಹತ್ತಿರ ಲೋಹ ತೆಗೆಯಲು ಶುರುಮಾಡಿದ್ದು ಪಳ್ಳಿವಾಸಲ್ ಜಲವಿದ್ಯುತ್ ನಂಬಿ. ಆಮೇಲೆ 1959ರಲ್ಲಿ ಹಿರಾಕುಡ್, ಅಲ್ಲೂ ಅಣೆಕಟ್ಟು. 1960ರ ದಶಕದ ಕೊನೆಗೆ ಬೆಳಗಾವಿಯಲ್ಲಿ ಅಲ್ಯೂಮಿನಾ ಘಟಕ ಮತ್ತು ಸ್ಮೆಲ್ಟರ್ ಎರಡನ್ನೂ ಕಟ್ಟಿದರು. ಬಾಕ್ಸೈಟ್ ಹತ್ತಿರದ ಕೊಲ್ಹಾಪುರ ಜಿಲ್ಲೆಯ ಬೆಟ್ಟಗಳಲ್ಲಿ ಇತ್ತು. ಕರೆಂಟು ರಾಜ್ಯದ ಜಾಲದಿಂದ. ಆ ಜಾಲಕ್ಕೆ ಆಗ ಬೆನ್ನೆಲುಬು ನಮ್ಮ ಶರಾವತಿಯೇ.

ಅಜ್ಜ ಅವತ್ತು ಹೇಳಿದ ಇನ್ನೊಂದು ಮಾತು ಇಲ್ಲಿ ಬೇಕು. "ಕುಲುಮೆ ಯಾವತ್ತೂ ಆರಬಾರದು ಮಗಾ. ಮನುಷ್ಯನಿಗೆ ರಜೆ ಉಂಟು, ಕುಲುಮೆಗಿಲ್ಲ." ಅಲ್ಯೂಮಿನಿಯಂ ಪಾಟ್‌ಗೆ ಇದು ಇನ್ನೂ ಹೆಚ್ಚು ನಿಜ. ಅಲ್ಲಿ ಕೆಳಗೆ ಬೇರೆ ಬೆಂಕಿ ಇಲ್ಲ. ಕರೆಂಟೇ ಲೋಹ ಬಿಡಿಸಬೇಕು, ಆ ಕರೆಂಟೇ ದಾರಿಯಲ್ಲಿ ಶಾಖವಾಗಿ ಕ್ರಯೋಲೈಟನ್ನು ದ್ರವವಾಗಿ ಇಟ್ಟಿರಬೇಕು. 4.2 ವೋಲ್ಟಿನಲ್ಲಿ ಬಿಡಿಸುವ ಕ್ರಿಯೆಗೆ ಬೇಕಾದ ಕನಿಷ್ಠ ಸುಮಾರು 1.2 ವೋಲ್ಟ್ ಮಾತ್ರ, ಮಿಕ್ಕಿದ್ದರಲ್ಲಿ ಬಹುಪಾಲು ಶಾಖ. ನೂರಾರು ಪಾಟ್‌ಗಳು ಸರಪಳಿಯ ಹಾಗೆ ಸರಣಿಯಲ್ಲಿ ಜೋಡಣೆಯಾಗಿರುತ್ತವೆ, ಲಕ್ಷಾಂತರ ಆಂಪಿಯರ್ ಹರಿಯುತ್ತಿರುತ್ತದೆ. ಕರೆಂಟು ಹೋದರೆ ಗೋಡೆಯ ಹೆಪ್ಪು ಒಳಕ್ಕೆ ಬೆಳೆಯುತ್ತಾ ಹೋಗುತ್ತದೆ. ಕೆಲವೇ ಗಂಟೆಗಳಲ್ಲಿ ಅಷ್ಟೂ ಕ್ರಯೋಲೈಟ್ ಮತ್ತೆ ಕಲ್ಲು. ಆ ಕಲ್ಲಿಗೆ ಕರೆಂಟು ಹರಿಸೋಕೂ ಬರುವುದಿಲ್ಲ, ಒಡೆದು ತೆಗೆದು ಮೊದಲಿನಿಂದ ಶುರು ಮಾಡಬೇಕು.

ಮಳೆ ಕೈಕೊಟ್ಟ ವರ್ಷ ಜಲಾಶಯ ತುಂಬದಿದ್ದರೆ ಕರ್ನಾಟಕದಲ್ಲಿ ಆಗ ಪವರ್ ಕಟ್ ತಪ್ಪುತ್ತಿರಲಿಲ್ಲ. ಮನೆಯವರು ಲಾಟೀನು ಹಚ್ಚಿಕೊಂಡು ಕೂರಬಹುದು, ಪಾಟ್ ಕೂರುವುದಿಲ್ಲ. ವಿದ್ಯುತ್ ಕೊರತೆ, ಅದರ ದರ ಎರಡೂ ಸೇರಿ ಬೆಳಗಾವಿಯ ಸ್ಮೆಲ್ಟರನ್ನು ಕೊನೆಗೆ ನಿಲ್ಲಿಸಿದವು. ಅಲ್ಯೂಮಿನಾ ಘಟಕ ಉಳಿಯಿತು. ಇಂಡಾಲ್ 2000ದಲ್ಲಿ ಹಿಂಡಾಲ್ಕೊ ಕೈಸೇರಿತು, ಈಗಲೂ ಬೆಳಗಾವಿಯಲ್ಲಿ ಅಲ್ಯೂಮಿನಾ ತಯಾರಾಗಿ ಸೆರಾಮಿಕ್ಸ್, ಬೆಂಕಿ ಇಟ್ಟಿಗೆಯಂಥ ಕೆಲಸಗಳಿಗೆ ಹೋಗುತ್ತದೆ. ಲೋಹ ತೆಗೆಯುವ ಕೆಲಸ ಕಲ್ಲಿದ್ದಲು ಇರುವ ಕಡೆ, ಸ್ವಂತ ವಿದ್ಯುತ್ ಸ್ಥಾವರ ಇರುವ ಕಡೆ ಹೋಯಿತು. ಈ ಸಂಗತಿ ನಮ್ಮ ಯಾವ ಸಿಲಬಸ್ಸಿನಲ್ಲೂ ಇಲ್ಲ. ಓಹಾಯೋದ ಸೌದೆ ಕೊಟ್ಟಿಗೆ ಇದೆ, ಬೆಳಗಾವಿ ಇಲ್ಲ.

ಭದ್ರಾವತಿಯ ಕಥೆ ನಿಮಗೇ ಗೊತ್ತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ನಿರ್ಧಾರದ ಸುದ್ದಿ ಬಂದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅಜ್ಜನ ಮುಂದೆ ನಾವು ಆ ವಿಷಯ ಎತ್ತಲಿಲ್ಲ. ಅವರೇ ಕಿಟಕಿ ಕಡೆ ಕೈ ತೋರಿಸಿ, "ಮೊದಲು ರಾತ್ರಿ ಹೊತ್ತು ಆ ಕಡೆ ಆಕಾಶ ಕೆಂಪಗಿರ್ತಿತ್ತು" ಅಂದರು.

ಪಾಟ್‌ನ ಇನ್ನೊಂದು ಮುಖವನ್ನೂ ಹೇಳದೆ ಬಿಡುವುದು ಸರಿಯಲ್ಲ. ಅಲ್ಯೂಮಿನಾ ಪ್ರಮಾಣ ತೀರಾ ಇಳಿದರೆ ಆನೋಡಿನ ಕೆಳಗೆ ಅನಿಲದ ಪದರ ಕಟ್ಟಿ ವೋಲ್ಟೇಜ್ ನಾಲ್ಕರಿಂದ ಮೂವತ್ತರ ಮೇಲೆ ಜಿಗಿಯುತ್ತದೆ. ಇದಕ್ಕೆ ಆನೋಡ್ ಇಫೆಕ್ಟ್ ಅನ್ನುತ್ತಾರೆ. ಆಗ ಕ್ರಯೋಲೈಟೂ ಒಡೆಯಲು ಶುರುವಾಗಿ ಇಂಗಾಲ ಮತ್ತು ಫ್ಲೋರಿನ್ ಸೇರಿದ ಅನಿಲಗಳು ಹೊರಬೀಳುತ್ತವೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇವು ಇಂಗಾಲದ ಡೈಆಕ್ಸೈಡಿಗಿಂತ ಸಾವಿರಾರು ಪಟ್ಟು ಜೋರು. ಮಾಮೂಲಿ ದಿನಗಳಲ್ಲೂ ಹೈಡ್ರೋಜನ್ ಫ್ಲೋರೈಡ್ ಹೊರಗೆ ಬರುತ್ತದೆ, ಗಿಡಕ್ಕೂ ದನಕ್ಕೂ ಒಳ್ಳೆಯದಲ್ಲ. ಅದನ್ನು ಹಿಡಿಯಲು ಬಳಸುವುದು ಅಲ್ಯೂಮಿನಾ ಪುಡಿಯನ್ನೇ. ಫ್ಲೋರಿನ್ ಹೀರಿಕೊಂಡ ಆ ಪುಡಿಯನ್ನು ಮತ್ತೆ ಪಾಟ್‌ಗೆ ಸುರಿಯುತ್ತಾರೆ, ತಪ್ಪಿಸಿಕೊಂಡು ಹೋದವನು ಮನೆಗೆ ವಾಪಸ್.

ಇನ್ನು ಹಳೆಯ ಪಾತ್ರೆಗಳ ವಿಷಯ. ಗುಜರಿ ಅಲ್ಯೂಮಿನಿಯಂ ಕರಗಿಸಲು ಹೊಸದಾಗಿ ತೆಗೆಯುವ ಶಕ್ತಿಯ ನೂರಕ್ಕೆ ಐದು ಪಾಲು ಸಾಕು. ಬಿಡಿಸುವ ಕೆಲಸ ಒಮ್ಮೆ ಆಗಿಹೋಗಿದೆಯಲ್ಲ. ಗುಜರಿಯವನು ಕಬ್ಬಿಣಕ್ಕಿಂತ ಅಲ್ಯೂಮಿನಿಯಂಗೆ ಜಾಸ್ತಿ ರೇಟು ಯಾಕೆ ಕೊಡ್ತಾನೆ ಅನ್ನೋದು ಈ ಲೆಕ್ಕದಿಂದಲೂ ಸ್ವಲ್ಪ ಗೊತ್ತಾಗುತ್ತದೆ. ಇಲ್ಲಿ 660 ಡಿಗ್ರಿಯಲ್ಲಿ ಲೋಹ ತಾನೇ ಕರಗುತ್ತದೆ, ಕ್ರಯೋಲೈಟ್ ಯಾಕೆ ಬೇಕು ಅಂದುಕೊಂಡಿದ್ದೆವು.

ಮೊನ್ನೆ ನಮ್ಮ ಫೌಂಡ್ರಿ ಲ್ಯಾಬಿನಲ್ಲಿ ಹಳೆಯ ಪಿಸ್ಟನ್ ಚೂರುಗಳನ್ನು ಕರಗಿಸುವಾಗ ಮೇಲೆ ಬೂದಿ ಬಣ್ಣದ ಕೆನೆ ಕಟ್ಟಿತು. ಲ್ಯಾಬ್ ಅಣ್ಣ ಒಂದು ಚೀಲದಿಂದ ಬಿಳಿ ಪುಡಿ ತೆಗೆದು ಎರಡು ಹಿಡಿ ಎರಚಿದರು. ಕೆನೆ ಬಿಟ್ಟುಕೊಂಡಿತು, ಅಡಿಯಲ್ಲಿ ಕನ್ನಡಿಯಂಥ ಲೋಹ. "ಏನಣ್ಣ ಅದು?" ಅಂದೆವು. "ಫ್ಲಕ್ಸು ಕಣ್ರೋ. ಇದಿಲ್ಲದಿದ್ರೆ ಕಸ ಬಿಡಲ್ಲ." ಚೀಲ ತಿರುಗಿಸಿ ಓದಿದೆವು: ಸೋಡಿಯಂ ಕ್ಲೋರೈಡ್, ಪೊಟ್ಯಾಶಿಯಂ ಕ್ಲೋರೈಡ್, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕ್ರಯೋಲೈಟ್. ಆ ಕೆನೆ ಬೇರೇನೂ ಅಲ್ಲ, ಅಲ್ಯೂಮಿನಾ.